ಎಷ್ಟು ಬರೆದೆ ಅನ್ನುವ ಪ್ರಶ್ನೆ



ಈಗ ನನ್ನ ಪರಿಚಯ ಮಾಡಿಕೊಟ್ಟ ಮೇಷ್ಟ್ರು, ಕಂಪ್ಯೂಟರಿಗೆ ಭಾಷೆ ಕಲಿಸುವ ವಿಷಯದಲ್ಲಿ ನಾನು 41 ಸಂಶೋಧನಾ ಲೇಖನ ಪ್ರಕಟಿಸಿದ್ದೇನೆ ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ಲೆಕ್ಕ ಸರಿಯಾಗಿದೆ. ಆದರೂ ನನಗೆ ಮುಜುಗರವಾಯಿತು. ಯಾಕೆಂದು ಹೇಳಿಬಿಡುತ್ತೇನೆ.

ನಮ್ಮ ಕ್ಷೇತ್ರದಲ್ಲಿ ಕ್ಯಾರೆನ್ ಸ್ಪಾರ್ಕ್ ಜೋನ್ಸ್ ಎಂಬ ಇಂಗ್ಲೆಂಡಿನ ವಿದುಷಿ ಇದ್ದರು. ಮೊದಲು ಸ್ವಲ್ಪ ಕಾಲ ಶಾಲೆಯ ಟೀಚರ್ ಆಗಿದ್ದವರು. ಕೇಂಬ್ರಿಡ್ಜ್‌ನಲ್ಲಿ ಅವರು ಬರೆದ 1964ರ ಪಿಎಚ್‌ಡಿ ಪ್ರಬಂಧ ಪುಸ್ತಕವಾಗಿ ಅಚ್ಚಾದದ್ದು 1986ರಲ್ಲಿ. 22 ವರ್ಷ! ನಡುವೆ 1972ರಲ್ಲಿ ಒಂದು ಲೇಖನ ಬರೆದರು. ಅದರ ಸಾರ ಇಷ್ಟೇ: ಎಲ್ಲ ಕಾಗದಗಳಲ್ಲೂ ಇರುವ ಪದ ಹುಡುಕಾಟಕ್ಕೆ ಉಪಯೋಗವಿಲ್ಲ, ಕೆಲವೇ ಕಾಗದಗಳಲ್ಲಿ ಇರುವ ಪದಕ್ಕೆ ತೂಕ ಹೆಚ್ಚು. ನಮ್ಮ ಪಂಚಾಯಿತಿಯ ಅರ್ಜಿಗಳ ಕಟ್ಟಿನಲ್ಲಿ ‘ಮಾನ್ಯರೇ’ ಎಂದು ಹುಡುಕಿದರೆ ಇಡೀ ಕಟ್ಟೇ ಕೈಗೆ ಬರುತ್ತದೆ. ‘ತೂಬು’ ಎಂದು ಹುಡುಕಿದರೆ ಕೆರೆಯ ಅರ್ಜಿ ಮಾತ್ರ ಸಿಗುತ್ತದೆ. ಸರ್ಚ್ ಎಂಜಿನ್‌ಗಳು ದಶಕಗಳ ಕಾಲ ಈ ಲೆಕ್ಕವನ್ನು ನೆಚ್ಚಿಕೊಂಡವು. ಅಂಥವರು ಪ್ರೊಫೆಸರ್ ಆದದ್ದು 1999ರಲ್ಲಿ, ಅರವತ್ತು ದಾಟಿದ ಮೇಲೆ.

ಇನ್ನು ನನ್ನ ಪಟ್ಟಿ. ನಾನು ಮೊಟ್ಟಮೊದಲು ಬರೆದದ್ದು ಕನ್ನಡದ ಬಗ್ಗೆ. ಏನೂ ಹೇಳಿಕೊಡದಿದ್ದರೆ ಯಂತ್ರಕ್ಕೆ ತೂಬು, ತೂಬಿನ, ತೂಬಿಗೆ, ತೂಬಿನಿಂದ ನಾಲ್ಕೂ ಬೇರೆ ಬೇರೆ ಪದ. ಹಾಗೆ ಎಣಿಸಿದರೆ ಆ ತೂಕದ ಲೆಕ್ಕ ನಮ್ಮ ಭಾಷೆಯಲ್ಲಿ ದಾರಿ ತಪ್ಪುತ್ತದೆ. ಪದವನ್ನು ಬಿಡಿಸಿ ಎಣಿಸಬೇಕು. ಬಿಡಿಸುವ ವಿದ್ಯೆ ನಾನು ಕಲಿತದ್ದು ಯಾವ ವಿಶ್ವವಿದ್ಯಾಲಯದಲ್ಲೂ ಅಲ್ಲ, ಇಲ್ಲಿ, ಒಂಬತ್ತನೇ ತರಗತಿಯ ವಿಭಕ್ತಿ ಪ್ರತ್ಯಯದ ಪಾಠದಲ್ಲಿ. ಕಲಿಸಿದ ಕನ್ನಡ ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ಆ ಲೇಖನ ಎರಡು ಸಲ ವಾಪಸು ಬಂತು. ಒಂದೇ ಭಾಷೆಗೆ ಸೀಮಿತ ಎಂದು ಷರಾ ಬರೆದಿದ್ದರು. ಬರೀ ಇಂಗ್ಲಿಷಿನ ಮೇಲೆ ನಾನು ಬರೆದ ಯಾವ ಲೇಖನಕ್ಕೂ ಆಮೇಲೆ ಈ ಷರಾ ಬೀಳಲಿಲ್ಲ ಅನ್ನಿ! ಆಗ ನನಗೆ ಕೆಲಸ ಖಾಯಂ ಆಗಬೇಕಿತ್ತು, ಅದಕ್ಕೆ ಸಂಖ್ಯೆ ಬೇಕಿತ್ತು. ಕನ್ನಡವನ್ನು ಬದಿಗಿಟ್ಟೆ. ನೀವು ಚಪ್ಪಾಳೆ ತಟ್ಟಿದ ಆ 41ರಲ್ಲಿ ಕನ್ನಡದ ಕುರಿತದ್ದು ಒಂದೂ ಇಲ್ಲ.

ಹಳೆಯ ಲೇಖನವನ್ನು ಈ ಬೇಸಿಗೆಯಲ್ಲಿ ಮತ್ತೆ ಹೊರತೆಗೆದಿದ್ದೇನೆ. ಯಾರ ಮನೆಯಲ್ಲಾದರೂ ಹಳೆಯ ಅರ್ಜಿಗಳ ನಕಲು, ಸಂಘದ ನಡವಳಿ ಪುಸ್ತಕ ಇದ್ದರೆ ನೋಡಲು ಕೊಡಿ. ನಾಡಿದ್ದಿನವರೆಗೆ ಊರಲ್ಲೇ ಇರುತ್ತೇನೆ. ಮೇಷ್ಟ್ರೇ, ನಾನು ಪದ ಬಿಡಿಸಿರುವ ಪಟ್ಟಿ ತಂದಿದ್ದೇನೆ. ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ, ಕೆಂಪು ಪೆನ್ನು ಹುಡುಕಿಟ್ಟಿರಿ.