ಕೃತಕ ಕೈಕಾಲು ಮತ್ತು ಸ್ಪರ್ಶದ ಅರಿವು
(ಸಂಘದ ಶೈಕ್ಷಣಿಕ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ಭಾಷಾ ಶಿಕ್ಷಕ. ಆದ್ದರಿಂದ ವಿಜ್ಞಾನದ ಈ ವಿಷಯವನ್ನೂ ಎರಡು ಪದಗಳಿಂದಲೇ ಆರಂಭಿಸುತ್ತೇನೆ. ಕನ್ನಡದಲ್ಲಿ ‘ಪಂಚೇಂದ್ರಿಯ’ ಎನ್ನುತ್ತೇವೆ, ಉರ್ದುವಿನಲ್ಲಿ ‘ಹವಾಸೆ ಖಮ್ಸಾ’ ಎನ್ನುತ್ತೇವೆ. ಎರಡರಲ್ಲೂ ಲೆಕ್ಕ ಐದೇ. ಈಗ ಎಲ್ಲರೂ ಕಣ್ಣು ಮುಚ್ಚಿ, ತೋರುಬೆರಳಿನಿಂದ ಮೂಗಿನ ತುದಿ ಮುಟ್ಟಿ. ಮುಟ್ಟಿದಿರಲ್ಲವೇ? ಬೆರಳು ಎಲ್ಲಿದೆ ಎಂದು ಕಣ್ಣು ಹೇಳಲಿಲ್ಲ, ಕಿವಿಯೂ ಹೇಳಲಿಲ್ಲ. ಹಾಗಾದರೆ ಹೇಳಿದವರು ಯಾರು?

ನಮ್ಮ ಸ್ನಾಯುಗಳ ಒಳಗೆ ಸ್ನಾಯು ಎಷ್ಟು ಉದ್ದಕ್ಕೆ ಎಳೆದಿದೆ ಎಂದು ಅಳೆಯುವ ಸೂಕ್ಷ್ಮ ಗ್ರಾಹಕಗಳಿವೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವಿನಲ್ಲಿ ಬಿಗಿತವನ್ನು ಅಳೆಯುವ ಗ್ರಾಹಕಗಳಿವೆ. ಇವು ಕ್ಷಣಕ್ಷಣವೂ ಮಿದುಳುಬಳ್ಳಿಯ ಮೂಲಕ ಮೆದುಳಿಗೆ ವರದಿ ಕಳಿಸುತ್ತವೆ. ಬ್ರಿಟನ್ನಿನ ಶರೀರವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಈ ಅರಿವಿಗೆ ‘ಪ್ರೊಪ್ರಿಯೊಸೆಪ್ಷನ್’ ಎಂದು ಹೆಸರಿಟ್ಟರು. ಸ್ಪರ್ಶಕ್ಕೂ ಈ ಅರಿವಿಗೂ ಬೇಕಾದ ‘ಪಿಯೆಜೊ2’ ಎಂಬ ಪ್ರೋಟೀನನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರು 2021ರ ನೊಬೆಲ್ ಪ್ರಶಸ್ತಿಯನ್ನು ಡೇವಿಡ್ ಜೂಲಿಯಸ್ ಅವರೊಂದಿಗೆ ಹಂಚಿಕೊಂಡರು. ಬೈರೂತ್‌ನಲ್ಲಿ ಹುಟ್ಟಿದ ಪಟಪೂಟಿಯನ್, ಅಂತರ್ಯುದ್ಧದ ಕಾಲದಲ್ಲಿ ಊರು ಬಿಟ್ಟು ಅಮೆರಿಕಕ್ಕೆ ಹೋಗಿ ಓದಿದವರು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಈ ಅರಿವು ಇಲ್ಲದಿದ್ದರೆ ಏನಾಗುತ್ತದೆ? ಇಂಗ್ಲೆಂಡಿನ ಇಯಾನ್ ವಾಟರ್‌ಮನ್ 1971ರಲ್ಲಿ, ತಮ್ಮ 19ನೇ ವಯಸ್ಸಿನಲ್ಲಿ, ಕಾಯಿಲೆಯೊಂದರಿಂದ ಕುತ್ತಿಗೆಯ ಕೆಳಗೆ ಸ್ಪರ್ಶವನ್ನೂ ಅಂಗಗಳ ಸ್ಥಿತಿಯ ಅರಿವನ್ನೂ ಕಳೆದುಕೊಂಡರು. ಅದು ಪಾರ್ಶ್ವವಾಯು ಅಲ್ಲ. ಸ್ನಾಯುಗಳಲ್ಲಿ ಶಕ್ತಿ ಇತ್ತು. ಆದರೂ ಎದ್ದು ಕೂರಲು ಆಗಲಿಲ್ಲ. ಪ್ರತಿಯೊಂದು ಚಲನೆಯನ್ನೂ ಕಣ್ಣಿನಿಂದ ನೋಡಿ, ಯೋಚಿಸಿ ಮಾಡುವುದನ್ನು ಕಲಿತು ಅವರು ಮತ್ತೆ ನಡೆದಾಡಿದರು. ಆದರೆ ದೀಪ ಆರಿದರೆ ನಿಂತಲ್ಲೇ ಕುಸಿಯುತ್ತಿದ್ದರು. ವೈದ್ಯ ಜೊನಾಥನ್ ಕೋಲ್ 1991ರಲ್ಲಿ ಅವರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು.

ಬಂಧುಗಳೇ, ಕೃತಕ ಕೈ ಧರಿಸಿದವರ ಕಷ್ಟವೂ ಇದಕ್ಕೆ ಹತ್ತಿರದ್ದು. ವಿದ್ಯುತ್ ಚಾಲಿತ ಕೃತಕ ಕೈ, ಉಳಿದ ತೋಳಿನ ಸ್ನಾಯುಗಳ ಸಣ್ಣ ವಿದ್ಯುತ್ ಸಂಕೇತವನ್ನು ಹಿಡಿದು ಬೆರಳು ಮಡಚುತ್ತದೆ. ಆದೇಶ ಹೋಗುತ್ತದೆ, ಆದರೆ ಉತ್ತರ ಬರುವುದಿಲ್ಲ. ಮಕ್ಕಳ ಮುಖ ನೋಡದೆ ಕಪ್ಪುಹಲಗೆಯ ಕಡೆಗೇ ತಿರುಗಿ ಪಾಠ ಮಾಡಿದ ಹಾಗೆ! ಕಾಗದದ ಲೋಟವನ್ನು ಬಿಗಿ ಹಿಡಿದರೆ ನಜ್ಜುಗುಜ್ಜಾಗುತ್ತದೆ, ಸಡಿಲ ಹಿಡಿದರೆ ಜಾರುತ್ತದೆ. ಆದ್ದರಿಂದ ಕಣ್ಣು ಸದಾ ಆ ಕೈಯನ್ನೇ ಕಾಯಬೇಕು.

ಇದನ್ನು ಸರಿಪಡಿಸುವ ಪ್ರಯತ್ನಗಳು ನಡೆದಿವೆ. 2013ರಲ್ಲಿ ರೋಮ್ ನಗರದಲ್ಲಿ ಡೆನ್ಮಾರ್ಕಿನ ಡೆನಿಸ್ ಸೋರೆನ್‌ಸನ್ ಎಂಬವರ ತೋಳಿನ ನರಗಳಲ್ಲಿ ವಿದ್ಯುದ್ವಾರಗಳನ್ನು ಇಟ್ಟು, ಕೃತಕ ಬೆರಳಿನ ಸಂವೇದಕಗಳಿಗೆ ಜೋಡಿಸಲಾಯಿತು. ಕಣ್ಣು ಕಟ್ಟಿದ್ದರೂ ಅವರು ವಸ್ತು ಗಟ್ಟಿಯೋ ಮೆದುವೋ ಎಂದು ಗುರುತಿಸಿದರು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಬೆನ್ನುಹುರಿಗೆ ಪೆಟ್ಟಾದ ಒಬ್ಬರ ಮೆದುಳಿಗೇ ರೋಬೋಟ್ ಕೈಯಿಂದ ಸ್ಪರ್ಶದ ಸಂಕೇತ ಕಳಿಸಿದರು. 2021ರಲ್ಲಿ ಪ್ರಕಟವಾದ ಅವರ ವರದಿಯಂತೆ, ವಸ್ತುಗಳನ್ನು ಎತ್ತಿಡುವ ಕೆಲಸಕ್ಕೆ ಮೊದಲು ಸುಮಾರು 21 ಸೆಕೆಂಡು ಬೇಕಾಗಿತ್ತು. ಸ್ಪರ್ಶ ಬಂದ ಮೇಲೆ ಸುಮಾರು 10 ಸೆಕೆಂಡು ಸಾಕಾಯಿತು. ಕೈ ಅದೇ, ವ್ಯಕ್ತಿ ಅವರೇ!

ಇಂಥ ಕೈಗಳು ಬಡವರಿಗೆ ತಲುಪುವುದು ಇನ್ನೂ ದೂರದ ಮಾತು. ನಮ್ಮ ದೇಶದಲ್ಲಿ ಹೆಚ್ಚು ಜನರಿಗೆ ನೆರವಾಗಿರುವುದು, 1968ರ ವೇಳೆಗೆ ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ರೂಪಿಸಿದ ಜೈಪುರ ಕಾಲು. ಅದರಲ್ಲಿ ಸಂವೇದಕವಿಲ್ಲ. ಆದರೂ ಅದನ್ನು ಧರಿಸಿದವರು ಉಳಿದ ಕಾಲಿನ ಮೇಲೆ ಬೀಳುವ ಒತ್ತಡದಿಂದ ನೆಲದ ಏರುತಗ್ಗನ್ನು ತಿಳಿಯಲು ಕಲಿಯುತ್ತಾರೆ. ಆದ್ದರಿಂದ ಕಾಲನ್ನು ಕೂರಿಸುವ ತೊಟ್ಟಿಲಿನಂಥ ಭಾಗ ಅಳತೆಗೆ ಸರಿಯಾಗಿರಬೇಕು, ನಡಿಗೆಯ ತರಬೇತಿಯೂ ಬೇಕು. ಉಳಿದ ಕಾಲಿನ ಗಾತ್ರ ಬದಲಾಗುವುದರಿಂದ ಮತ್ತೆ ಅಳತೆ ನೋಡಬೇಕಾಗುತ್ತದೆ. ಉಚಿತ ಶಿಬಿರ ನಡೆಸುವ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಕಾಲು ಕೊಟ್ಟು ಫೋಟೋ ತೆಗೆಸಿಕೊಂಡ ದಿನವೇ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಆರು ತಿಂಗಳ ನಂತರ ಅವರ ಮನೆ ಬಾಗಿಲು ತಟ್ಟಿ ಕೇಳಿ. ಕಾಲು ಮೂಲೆ ಸೇರಿದ್ದರೆ ಕಾರಣ ತಿಳಿಯಿರಿ.

ಶಿಕ್ಷಕರೇ, ಕೃತಕ ಕಾಲಿನ ಮಗು ಮೆಟ್ಟಿಲು ನೋಡಿ ನೋಡಿ ಇಳಿಯುತ್ತಿದ್ದರೆ ಅದು ಸೋಮಾರಿತನವಲ್ಲ. ಅದರ ಕಣ್ಣು ಕಾಲಿನ ಕೆಲಸವನ್ನೂ ಮಾಡುತ್ತಿದೆ. ಅವಸರಪಡಿಸಬೇಡಿ, ಮೆಟ್ಟಿಲ ಬಳಿ ಒಂದು ದೀಪ ಹಾಕಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟುಗಳು ನಿಗದಿತ ಪ್ರಮಾಣದ ಅಂಗವೈಕಲ್ಯವುಳ್ಳವರಿಗೆ ಮೀಸಲು ಎಂಬುದನ್ನೂ ಪೋಷಕರಿಗೆ ತಿಳಿಸಿ.

ವಿದ್ಯಾರ್ಥಿಗಳೇ, ಈ ಕ್ಷೇತ್ರಕ್ಕೆ ವೈದ್ಯರು ಮಾತ್ರ ಸಾಲದು. ಎಲೆಕ್ಟ್ರಾನಿಕ್ಸ್, ಗಣಿತ, ಫಿಜಿಯೊಥೆರಪಿ ಓದಿದವರೂ ಬೇಕು, ರಾಮಚಂದ್ರ ಶರ್ಮಾರಂತೆ ಕೈಕೆಲಸ ಬಲ್ಲವರೂ ಬೇಕು. ಅಗ್ಗದ ಬೆಲೆಯ, ಸ್ಪರ್ಶ ಬಲ್ಲ ಕೈಯೊಂದನ್ನು ನಿಮ್ಮಲ್ಲಿ ಯಾರಾದರೂ ಮಾಡಿದರೆ ಈ ಸಂಘ ಕೊಟ್ಟ ವಿದ್ಯಾರ್ಥಿವೇತನ ಸಾರ್ಥಕವಾಗುತ್ತದೆ.