‘ರಿಸಾಲ್ವ್’ ಎಂದರೆ ಬಿಡಿಸುವುದೋ, ಮುಗಿಸುವುದೋ?

(ಮಹಿಳಾ ವಿಭಾಗದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ದಿನಬಳಕೆಯ ಒಂದು ಇಂಗ್ಲಿಷ್ ಪದದ ಬಗ್ಗೆ ಹತ್ತು ನಿಮಿಷ ಮಾತಾಡಬೇಕೆಂದು ನನಗೆ ಹೇಳಿದ್ದಾರೆ. ನಾನು ಆರಿಸಿಕೊಂಡ ಪದ ‘ರಿಸಾಲ್ವ್’. ಬ್ಯಾಂಕಿಗೆ ದೂರು ಕೊಡಿ, ಗ್ಯಾಸಿನವರಿಗೆ ಫೋನ್ ಮಾಡಿ, ಇಂಟರ್‌ನೆಟ್ ಕೆಟ್ಟಿದೆ ಎಂದು ಹೇಳಿ; ಕೊನೆಗೆ ಮೊಬೈಲಿಗೆ ಬರುವ ಸಂದೇಶ ಒಂದೇ: ‘ನಿಮ್ಮ ದೂರು ರಿಸಾಲ್ವ್ ಆಗಿದೆ.’ ಎಷ್ಟೋ ಸಲ ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ! ಹಾಗಾದರೆ ರಿಸಾಲ್ವ್ ಆದದ್ದು ಏನು?

ಈ ಪದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ‘ಸೊಲ್ವೆರೆ’ ಎಂದರೆ ಸಡಿಲಿಸು, ಕಟ್ಟು ಬಿಚ್ಚು. ಸಾಲ್ವ್, ಡಿಸಾಲ್ವ್, ಸೊಲ್ಯೂಷನ್ ಎಲ್ಲವೂ ಒಂದೇ ಮನೆಯ ಮಕ್ಕಳು. ಅದಕ್ಕೇ ಲೆಕ್ಕದ ಉತ್ತರವೂ ಸೊಲ್ಯೂಷನ್, ಸಕ್ಕರೆ ಕರಗಿದ ನೀರೂ ಸೊಲ್ಯೂಷನ್.

ನಮ್ಮ ಕನ್ನಡದಲ್ಲಿ ಇದಕ್ಕೆ ಸರಿಸಾಟಿಯಾದ ಪದ ‘ಬಿಡಿಸು’. ಗಂಟು ಬಿಡಿಸುತ್ತೇವೆ, ಜಡೆಯ ಸಿಕ್ಕು ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ, ಲೆಕ್ಕವನ್ನೂ ಬಿಡಿಸುತ್ತೇವೆ. ನಾವಿರುವ ಈ ಮುಂಬಯಿಯ ಮರಾಠಿಯಲ್ಲೂ ಗಣಿತವನ್ನು ‘ಸೋಡವಣೆ’ ಎನ್ನುತ್ತಾರೆ; ಅಂದರೆ ಬಿಡಿಸುವುದೇ. ಹಿಂದಿಯ ‘ಸುಲ್‌ಝಾನಾ’ ಕೂಡ ಸಿಕ್ಕು ಬಿಡಿಸುವ ಮಾತೇ. ಇಷ್ಟೊಂದು ಭಾಷೆಗಳಿಗೆ ಸಮಸ್ಯೆ ಎಂದರೆ ದಾರದ ಸಿಕ್ಕಿನ ಹಾಗೆ ಕಂಡಿದೆ. ಸಿಕ್ಕನ್ನು ಕತ್ತರಿಸಿ ಎಸೆದರೆ ದಾರ ಉಳಿಯುವುದಿಲ್ಲ, ಎಳೆದರೆ ಇನ್ನೂ ಬಿಗಿಯಾಗುತ್ತದೆ. ತುದಿ ಹುಡುಕಿ, ತಾಳ್ಮೆಯಿಂದ ಒಂದೊಂದೇ ಎಳೆ ಬಿಡಿಸಬೇಕು.

ರಿಸಾಲ್ವ್‌ಗೆ ಇನ್ನೊಂದು ಅರ್ಥವೂ ಇದೆ: ದೃಢವಾಗಿ ನಿಶ್ಚಯಿಸು, ಸಂಕಲ್ಪ ಮಾಡು. ಹೊಸ ವರ್ಷದ ರೆಸೊಲ್ಯೂಷನ್, ನಮ್ಮ ಸಭೆಗಳಲ್ಲಿ ಅಂಗೀಕರಿಸುವ ನಿರ್ಣಯ ಎರಡೂ ಇದರಿಂದ ಬಂದವೇ. ಬಿಡಿಸುವುದೂ ನಿಶ್ಚಯಿಸುವುದೂ ಒಂದೇ ಪದದಲ್ಲಿ ಹೇಗೆ ಕೂಡಿಕೊಂಡವು ಎಂದು ಯೋಚಿಸಿದರೆ, ಮನಸ್ಸಿನ ಗೊಂದಲ ಬಿಡಿಸಿಕೊಂಡವರಿಗೇ ನಿಶ್ಚಯ ಸಾಧ್ಯ ಎಂದು ನನಗನಿಸುತ್ತದೆ.

ಇನ್ನು ಸಮಾನಾರ್ಥಕ ಪದಗಳು. ನಿಘಂಟಿನಲ್ಲಿ ಇವು ಅಕ್ಕಪಕ್ಕ ಕೂತಿದ್ದರೂ ಕೆಲಸ ಬೇರೆ ಬೇರೆ. ‘ಸೆಟಲ್’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ‘ಆಸನ’ ಎಂಬರ್ಥದ ಪದದಿಂದ ಬಂದದ್ದು. ಕೂರುವುದು, ತಳ ಸೇರುವುದು ಎಂಬ ಭಾವ ಅದರಲ್ಲಿದೆ. ಕೆಸರು ನೀರನ್ನು ಲೋಟದಲ್ಲಿಟ್ಟರೆ ಮಣ್ಣು ತಳದಲ್ಲಿ ಸೆಟಲ್ ಆಗುತ್ತದೆ, ಮೇಲೆ ತಿಳಿಯಾಗಿ ಕಾಣುತ್ತದೆ. ಲೋಟ ಅಲ್ಲಾಡಿದರೆ ಮತ್ತೆ ಕದಡುತ್ತದೆ. ‘ಫಿಕ್ಸ್’ ಎಂದರೆ ಕೆಟ್ಟದ್ದನ್ನು ಸರಿಮಾಡು. ‘ಕ್ಲೋಸ್’ ಎಂದರೆ ಬರೀ ಕಡತ ಮುಚ್ಚು.

ಕನ್ನಡದಲ್ಲಂತೂ ಈ ಬಳಗ ದೊಡ್ಡದು. ‘ಪರಿಹಾರ’ ಎಂದರೆ ತೊಂದರೆಯನ್ನು ತೆಗೆದುಹಾಕುವುದು. ನೆರೆ ಬಂದಾಗ ಸರ್ಕಾರ ಕೊಡುವ ಹಣಕ್ಕೂ ಅದೇ ಹೆಸರು. ‘ಇತ್ಯರ್ಥ’ ಎಂಬುದು ಇತಿ ಮತ್ತು ಅರ್ಥ ಸೇರಿ ಆದದ್ದು. ‘ಇದಿಷ್ಟೇ ಅರ್ಥ’ ಎಂದು ಗೆರೆ ಎಳೆಯುವುದು. ‘ತೀರ್ಮಾನ’ವನ್ನು ಮೂರನೆಯವರೂ ಕೊಡಬಹುದು. ನನಗೆ ಬಹಳ ಇಷ್ಟವಾದದ್ದು ‘ಬಗೆಹರಿಸು’. ‘ಬಗೆ’ ಎಂಬ ಪದಕ್ಕೆ ಮನಸ್ಸು, ಆಲೋಚನೆ ಎಂಬ ಹಳೆಯ ಅರ್ಥವಿದೆ. ಮನಸ್ಸಿಗೆ ಸಮಾಧಾನವಾಗದೆ ಯಾವುದೂ ಬಗೆಹರಿಯುವುದಿಲ್ಲ ಎಂದೇ ನಾನು ಅದನ್ನು ಓದಿಕೊಳ್ಳುತ್ತೇನೆ.

ಈ ವ್ಯತ್ಯಾಸ ನನಗೆ ಚೆನ್ನಾಗಿ ತಿಳಿದದ್ದು ಮಳೆಗಾಲದಲ್ಲಿ. ಕೆಲವು ವರ್ಷಗಳ ಹಿಂದೆ ನಾವಿದ್ದ ಸೊಸೈಟಿಯಲ್ಲಿ ನಮ್ಮ ಬಚ್ಚಲಿನ ಸೀಲಿಂಗಿನಿಂದ ನೀರು ತೊಟ್ಟಿಕ್ಕತೊಡಗಿತು. ದೂರು ಬರೆದೆ. ಪೇಂಟರ್ ಬಂದು ಕಲೆಯ ಮೇಲೆ ಬಣ್ಣ ಬಳಿದು ಹೋದ. ರಿಜಿಸ್ಟರಿನಲ್ಲಿ ‘ರಿಸಾಲ್ವ್ಡ್’ ಎಂದು ಬರೆದರು. ಹದಿನೈದು ದಿನಕ್ಕೆ ಕಲೆ ಮತ್ತೆ ಮೂಡಿತು. ಆಮೇಲೆ ಪ್ಲಂಬರ್ ಮೇಲಿನ ಮನೆಯ ನೆಲ ಒಡೆದು ನೋಡಿದಾಗ ನಹಾನಿ ಟ್ರ್ಯಾಪಿನ ಜೋಡಣೆ ಬಿಟ್ಟುಹೋಗಿತ್ತು. ಅದನ್ನು ಸರಿಮಾಡಿದ್ದು ದುರಸ್ತಿ. ಖರ್ಚನ್ನು ಹಂಚಿಕೊಂಡದ್ದು ಇತ್ಯರ್ಥ. ಆದರೂ ಮೇಲಿನ ಮನೆಯಾಕೆಯೂ ನಾನೂ ಲಿಫ್ಟಿನಲ್ಲಿ ಮುಖ ತಿರುಗಿಸಿಕೊಂಡೇ ಹೋಗುತ್ತಿದ್ದೆವು. ಒಂದು ಸಂಜೆ ಆಕೆಯೇ ಬಂದು ಕೂತು, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದುದರಿಂದ ನೆಲ ಒಡೆಸಲು ಹಿಂದೇಟು ಹಾಕಿದೆ ಎಂದರು. ಅಂದು ವಿಷಯ ಬಗೆಹರಿಯಿತು.

ಈಗ ನಮ್ಮ ಮನೆಗಳ ಮಾತಿಗೆ ಬರುತ್ತೇನೆ. ಹೆಣ್ಣುಮಕ್ಕಳು ಕಷ್ಟ ಹೇಳಿಕೊಂಡಾಗ ಹಿರಿಯರು ಕೊಡುವ ಪರಿಹಾರ ಏನು? ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ.’ ಸಂಸಾರ ಎಂದ ಮೇಲೆ ಹೊಂದಾಣಿಕೆ ಬೇಕು, ನಿಜ. ಆದರೆ ಅದು ಇಬ್ಬರಿಂದಲೂ ಬಂದಾಗ ಮಾತ್ರ ಹೊಂದಾಣಿಕೆ. ಒಬ್ಬಳೇ ನುಂಗಿಕೊಂಡರೆ ಅದು ಕಲೆಯ ಮೇಲೆ ಬಳಿದ ಬಣ್ಣ.

‘ರಾಜಿ’ ಎಂಬ ಪದವನ್ನೇ ನೋಡಿ. ಅರಬ್ಬಿ ಮೂಲದ ಈ ಪದದ ಅರ್ಥ ‘ಮನಸಾರೆ ಒಪ್ಪಿದ’ ಎಂದು. ‘ಮಿಯಾ ಬೀವಿ ರಾಜಿ ತೋ ಕ್ಯಾ ಕರೇಗಾ ಕಾಜಿ’ ಎಂಬ ಗಾದೆಯನ್ನು ಇಲ್ಲಿ ಕೇಳದವರಿಲ್ಲ. ಒಪ್ಪಿಗೆ ಇಲ್ಲದ ರಾಜಿ ಎಂಬುದು ಆ ಪದಕ್ಕೇ ವಿರುದ್ಧವಾದ ಮಾತು.

ಕಾನೂನಿನಲ್ಲೂ ಇದು ಮುಖ್ಯ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆ, ಸಾಧ್ಯವಿರುವೆಡೆ ಮೊದಲು ರಾಜಿಗೆ ಪ್ರಯತ್ನಿಸಬೇಕೆಂದು ನ್ಯಾಯಾಲಯಕ್ಕೇ ಹೇಳುತ್ತದೆ. ಒಳ್ಳೆಯದೇ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಲೋಕ ಅದಾಲತ್‌ಗಳು ನಡೆಯುತ್ತವೆ. ಅಲ್ಲಿ ಎರಡೂ ಕಡೆಯವರು ಒಪ್ಪಿದರೆ ಆಗುವ ತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ. ಅದರ ಮೇಲೆ ಅಪೀಲಿಗೆ ಅವಕಾಶವಿಲ್ಲ. ಆದ್ದರಿಂದ ಸಹಿ ಹಾಕುವ ಮುಂಚೆ ಪ್ರತಿ ಸಾಲನ್ನೂ ಓದಿ, ಅರ್ಥವಾಗದಿದ್ದರೆ ಕೇಳಿ. ಒಪ್ಪಿಗೆ ಇಲ್ಲದಿದ್ದರೆ ‘ಇಲ್ಲ’ ಎನ್ನುವ ಹಕ್ಕಿದೆ. ಆಗ ಪ್ರಕರಣ ನ್ಯಾಯಾಲಯಕ್ಕೆ ಮರಳುತ್ತದೆ. ಇನ್ನೊಂದು ಮಾತು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ: ಇದೇ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರು ಉಚಿತ ಕಾನೂನು ನೆರವಿಗೆ ಅರ್ಹರು, ಅದಕ್ಕೆ ಆದಾಯದ ಮಿತಿ ಇಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಬಹುದು.

ಗೆಳತಿಯರೇ, ಇನ್ನು ಮುಂದೆ ಯಾರಾದರೂ ‘ರಿಸಾಲ್ವ್ ಆಯಿತು’ ಎಂದರೆ, ಕನ್ನಡದಲ್ಲಿ ಒಮ್ಮೆ ಕೇಳಿಕೊಳ್ಳೋಣ: ಇದು ಬಿಡಿಸಿದ್ದೋ, ತಳದಲ್ಲಿ ಕೂರಿಸಿದ್ದೋ, ಅಥವಾ ಬರೀ ಮುಚ್ಚಿಸಿದ್ದೋ? ಮಗಳು ‘ಏನಿಲ್ಲಮ್ಮ, ಎಲ್ಲ ಸೆಟಲ್ ಆಯ್ತು’ ಎಂದು ಫೋನಿನಲ್ಲಿ ಹೇಳಿದಾಗಲೂ ಅಷ್ಟಕ್ಕೇ ಸುಮ್ಮನಾಗದೆ ಇನ್ನೊಂದು ಮಾತು ಕೇಳೋಣ. ‘ನಿನ್ನ ಮನಸ್ಸಿಗೆ ಒಪ್ಪಿಗೆಯಾಯಿತೇನಮ್ಮ?’ ಎಂದು.