ಎಳೆತನದ ಪೆಟ್ಟು, ದೊಡ್ಡವರ ಕುಡಿತ

(ಯುವಕ ಸಂಘ ಮತ್ತು ಮಹಿಳಾ ಮಂಡಲಿಗಳ ಸಂಯುಕ್ತ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರ, ಔಷಧಿ ಸಿಂಪಡಣೆಗಳ ಮಾತನ್ನೇ ನನ್ನ ಬಾಯಿಂದ ಕೇಳಿ ತಮಗೆ ರೂಢಿ. ನಾನು ಓದಿರುವುದೂ ಬೇಸಾಯದ ಡಿಪ್ಲೊಮಾವನ್ನೇ. ಆದರೆ ಸುಗ್ಗಿಯ ಹಣ ಮದ್ಯದಂಗಡಿಯ ಪಾಲಾದರೆ ಒಳ್ಳೆಯ ಬೆಳೆ ತೆಗೆದು ಫಲವೇನು? ಕುಡಿಯುವವರನ್ನು ನಾವೆಲ್ಲರೂ ಬೈಯುತ್ತೇವೆ. ಏಕೆ ಕುಡಿಯುತ್ತಾರೆಂದು ವಿಚಾರಿಸುವುದು ಕಡಿಮೆ. ಕಾರಣಗಳು ಹಲವು. ಅವುಗಳಲ್ಲಿ ನಮ್ಮ ಗಮನಕ್ಕೆ ಬಾರದ ಒಂದನ್ನು ಇಂದು ತಮ್ಮ ಮುಂದಿಡುತ್ತೇನೆ. ಅದು ಬಾಲ್ಯದಲ್ಲಿ ಅನುಭವಿಸಿದ ಹಿಂಸೆ.

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂದು ಹೇಳಿ ಮಕ್ಕಳನ್ನು ಹೊಡೆಯುವವರುಂಟು. ಗಾದೆ ಸುಳ್ಳಲ್ಲ. ಆದರೆ ಬಗ್ಗಿಸುವುದು ಬೇರೆ, ಮುರಿಯುವುದು ಬೇರೆ. ಬಾಸುಂಡೆ ಏಳುವಂತೆ ಬಾರಿಸುವುದು, ಊಟ ಕೊಡದೆ ಹೊರಗೆ ನಿಲ್ಲಿಸುವುದು, “ನೀನು ಯಾಕಾದರೂ ಹುಟ್ಟಿದೆಯೋ” ಎಂದು ದಿನವೂ ಹಂಗಿಸುವುದು, ಕೆಟ್ಟ ಬುದ್ಧಿಯಿಂದ ಮಗುವಿನ ಮೈ ಮುಟ್ಟುವುದು, ಕಾಯಿಲೆ ಬಂದರೂ ಕೇಳದೆ ಬಿಡುವುದು, ಇವೆಲ್ಲವೂ ಹಿಂಸೆಯೇ.

ಇದರ ಫಲವನ್ನು ಅಮೆರಿಕದ ಸ್ಯಾನ್ ಡಿಯೇಗೋ ನಗರದಲ್ಲಿ ಫೆಲಿಟ್ಟಿ, ಆಂಡಾ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಪರಿಶೀಲಿಸಿದರು. ಅವರ ವರದಿ 1998ರಲ್ಲಿ ಹೊರಬಂದಿತು. 9,500ಕ್ಕೂ ಹೆಚ್ಚು ಮಂದಿ ವಯಸ್ಕರನ್ನು ಅವರ ಬಾಲ್ಯದ ಕುರಿತು ಕೇಳಲಾಗಿತ್ತು. ಹೊಡೆತ, ಬೈಗುಳ, ಲೈಂಗಿಕ ದೌರ್ಜನ್ಯ, ತಾಯಿಯನ್ನು ಹೊಡೆಯುವುದನ್ನು ಕಾಣುವುದು, ಮನೆಯಲ್ಲಿ ಕುಡುಕರಿರುವುದು ಮುಂತಾಗಿ ಏಳು ಬಗೆಯ ಕಷ್ಟಗಳನ್ನು ಎಣಿಸಿದರು. ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ ಮದ್ಯದ ಚಟಕ್ಕೆ ಬೀಳುವ ಸಂಭವ, ಯಾವ ಕಷ್ಟವೂ ಇಲ್ಲದವರಿಗಿಂತ ಸುಮಾರು ಏಳು ಪಟ್ಟು ಹೆಚ್ಚಾಗಿತ್ತು.

ಹೆಂಗಸರ ವಿಚಾರವನ್ನು ಬೇರೆಯಾಗಿ ನೋಡಬೇಕು. ಅದೇ ದೇಶದ ಕ್ಯಾಥಿ ಸ್ಪ್ಯಾಟ್ಸ್ ವಿಡಮ್ ಎಂಬ ವಿದುಷಿ, 1967ರಿಂದ 1971ರವರೆಗೆ ಹಿಂಸೆ ಅಥವಾ ಅಲಕ್ಷ್ಯದ ಕಾರಣ ನ್ಯಾಯಾಲಯದ ದಾಖಲೆಗೆ ಬಂದ 908 ಮಕ್ಕಳನ್ನೂ, ಅಂತಹ ದಾಖಲೆಯಿಲ್ಲದ 667 ಮಕ್ಕಳನ್ನೂ ಆರಿಸಿಕೊಂಡು, ಅವರು ದೊಡ್ಡವರಾದ ಮೇಲೆ ಹುಡುಕಿ ವಿಚಾರಿಸಿದರು. 1995 ಮತ್ತು 2007ರ ವರದಿಗಳಲ್ಲಿ ಹಿಂಸೆಗೂ ಮುಂದಿನ ಕುಡಿತಕ್ಕೂ ಇರುವ ಸಂಬಂಧ ಹೆಂಗಸರಲ್ಲಿ ಕಂಡುಬಂತು. ಗಂಡಸರಲ್ಲಿ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಹಾಗೆಂದು ಗಂಡುಮಗುವನ್ನು ಹೊಡೆದರೆ ನಷ್ಟವಿಲ್ಲವೆಂದು ತಿಳಿಯಬಾರದು. ಸ್ಯಾನ್ ಡಿಯೇಗೋದ ಲೆಕ್ಕದಲ್ಲಿ ಗಂಡಸರೂ ಇದ್ದರು.

ಇದು ಹೇಗೆ ನಡೆಯುತ್ತದೆ? ಸದಾ ಹೆದರಿಕೆಯಲ್ಲಿ ಬೆಳೆದ ಮಗುವಿನ ದೇಹಕ್ಕೆ ಸದಾ ಎಚ್ಚರವಾಗಿರುವುದೇ ಅಭ್ಯಾಸವಾಗುತ್ತದೆ. ನಿದ್ರೆ ಸರಿಯಾಗಿ ಬಾರದು, ಯಾರ ಮೇಲೂ ನಂಬಿಕೆ ಹುಟ್ಟದು. ಮುಂದೆ ಒಂದು ದಿನ ಮದ್ಯ ಬಾಯಿಗೆ ಬಿದ್ದಾಗ ಆ ತಳಮಳ ಸ್ವಲ್ಪ ಹೊತ್ತು ಅಡಗಿದಂತಾಗುತ್ತದೆ. ಆ ಸ್ವಲ್ಪ ಹೊತ್ತಿಗಾಗಿ ಮತ್ತೆ ಮತ್ತೆ ಕುಡಿಯುವುದೇ ಚಟ.

ನಮ್ಮ ದೇಶದಲ್ಲಿ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15 ವರ್ಷ ದಾಟಿದ ಗಂಡಸರಲ್ಲಿ ನೂರಕ್ಕೆ 19 ಮಂದಿ, ಹೆಂಗಸರಲ್ಲಿ ನೂರಕ್ಕೆ ಒಬ್ಬರು ಮದ್ಯ ಸೇವಿಸುತ್ತಾರೆ. ಗಂಡಸು ಕುಡಿದರೆ ಊರು ನಕ್ಕು ಬಿಡುತ್ತದೆ, ಹೆಂಗಸು ಕುಡಿದರೆ ಛೀಮಾರಿ ಹಾಕುತ್ತದೆ. ಆದ್ದರಿಂದ ಅವಳು ಮರೆಯಲ್ಲಿ ಕುಡಿಯುತ್ತಾಳೆ, ಆಸ್ಪತ್ರೆಯ ಮೆಟ್ಟಿಲು ಹತ್ತಲು ನಾಚುತ್ತಾಳೆ. ಅಷ್ಟೇ ಮದ್ಯ ಹೆಣ್ಣಿನ ದೇಹಕ್ಕೆ ಹೆಚ್ಚು ಕೇಡು ಮಾಡುತ್ತದೆಂಬುದನ್ನೂ ಮರೆಯಬಾರದು.

ಪೆಟ್ಟು ತಿಂದವರೆಲ್ಲ ಕುಡುಕರಾಗುವುದಿಲ್ಲ. ಸಸಿಮಡಿಯಲ್ಲಿ ಸೊರಗಿದ ಪೈರಿಗೆ ನಾಟಿಯಾದ ಮೇಲೆ ನೀರು, ಮೇಲುಗೊಬ್ಬರ ಕೊಟ್ಟರೆ ಚೇತರಿಸಿಕೊಳ್ಳುವುದನ್ನು ತಾವು ಬಲ್ಲಿರಿ. ಮನುಷ್ಯರೂ ಹಾಗೆಯೇ. ಅಜ್ಜಿಯೋ ಸೋದರಮಾವನೋ ಶಾಲೆಯ ಮೇಷ್ಟರೋ, ಪ್ರೀತಿಯಿಂದ ಕಾಣುವ ಒಬ್ಬರಿದ್ದರೂ ಮಗುವಿಗೆ ದೊಡ್ಡ ಆಸರೆ.

ಹಾಗಾದರೆ ನಾವು ಮಾಡಬೇಕಾದುದೇನು?

1. ಮಗು ತಪ್ಪು ಮಾಡಿದರೆ ತಿದ್ದಿ ಹೇಳಿರಿ. ಕೋಪ ಬಂದಾಗ ಕೈ ಎತ್ತದೆ, ಅಂಗಳಕ್ಕೆ ಹೋಗಿ ಒಂದು ಚೊಂಬು ನೀರು ಕುಡಿದು ಬನ್ನಿರಿ.

2. ಮದ್ಯದ ಸೀಸೆ ತರಲು ಮಕ್ಕಳನ್ನು ಕಳುಹಿಸಬೇಡಿರಿ. ಹಬ್ಬವೆಂದು ಒಂದು ಗುಟುಕನ್ನೂ ಕೊಡಬೇಡಿರಿ. 2015ರ ಬಾಲನ್ಯಾಯ ಕಾಯಿದೆಯಂತೆ ಮಗುವಿಗೆ ಮದ್ಯ ಕೊಟ್ಟವರಿಗೆ ಏಳು ವರ್ಷಗಳವರೆಗೆ ಕಠಿಣ ಸಜೆಯುಂಟು.

3. ನೆರೆಮನೆಯಲ್ಲಿ ಮಗು ಹಿಂಸೆಗೊಳಗಾಗಿದ್ದರೆ “ಅವರ ಮನೆಯ ಮಾತು” ಎಂದು ಸುಮ್ಮನಿರಬೇಡಿರಿ. 1098 ಸಂಖ್ಯೆಗೆ ಫೋನು ಮಾಡಿರಿ.

4. ಕುಡಿತಕ್ಕೆ ಬಿದ್ದವರನ್ನು, ಮುಖ್ಯವಾಗಿ ಹೆಂಗಸರನ್ನು, ಹಂಗಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಹುಕಾಲ ದಿನವೂ ಕುಡಿದವರು ಒಮ್ಮೆಗೇ ಬಿಟ್ಟರೆ ನಡುಕ, ಫಿಟ್ಸ್ ಬಂದು ಪ್ರಾಣಕ್ಕೆ ಅಪಾಯವಾಗಬಹುದು. ವೈದ್ಯರ ಸಲಹೆಯಂತೆಯೇ ಬಿಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವಿದೆ. ಮನಸ್ಸಿನ ನೋವು ಹೇಳಿಕೊಳ್ಳಲು 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಖರ್ಚಿಲ್ಲ.

ಮುಂದಿನ ಸಭೆಯಲ್ಲಿ ಮಹಿಳಾ ಮಂಡಲಿಯವರೂ ಯುವಕ ಸಂಘದವರೂ ಕೂಡಿ, “ನಮ್ಮ ಊರಿನಲ್ಲಿ ಮಕ್ಕಳ ಮೇಲೆ ಕೈ ಮಾಡುವುದಿಲ್ಲ” ಎಂಬ ಒಂದು ನಿರ್ಣಯ ಮಾಡಿದರೆ, ಇಪ್ಪತ್ತು ವರ್ಷಗಳ ಮುಂದಿನ ಕುಡಿತವನ್ನು ಇಂದೇ ಅಷ್ಟರಮಟ್ಟಿಗೆ ತಡೆದಂತಾಗುತ್ತದೆ. ತಾವು ಈ ಮಾತನ್ನು ಮನೆಮನೆಗೂ ಮುಟ್ಟಿಸಬೇಕೆಂದು ಕೋರುತ್ತೇನೆ.